ಮಾತ್ರೆಯ ಲೇಪವೂ ಔಷಧದ ವೇಳೆಯೂ

ಮಾತ್ರೆಯ ಹೊರಮೈಯ ಬಣ್ಣ, ನುಣುಪುಗಳು ಅಂದಕ್ಕಾಗಿ ಅಥವಾ ಕಹಿಯನ್ನು ಮರೆಸುವುದಕ್ಕಾಗಿ ಎಂಬ ಭಾವನೆ ಸಾಮಾನ್ಯ. ಅನೇಕ ಮಾತ್ರೆಗಳ ಮಟ್ಟಿಗೆ ಇದು ನಿಜವೂ ಹೌದು. ಆದರೆ ಕೆಲವು ಮಾತ್ರೆಗಳಲ್ಲಿ ಔಷಧವು ಎಲ್ಲಿ, ಯಾವಾಗ, ಎಷ್ಟು ವೇಗವಾಗಿ ಹೊರಬರಬೇಕೆಂಬುದನ್ನು ಆ ತೆಳುಪದರವೇ ನಿರ್ಧರಿಸುತ್ತದೆ.

ಖಾಲಿ ಜಠರದಲ್ಲಿ ಪಿಎಚ್ ಸಾಮಾನ್ಯವಾಗಿ 1ರಿಂದ 3. ಸಣ್ಣಕರುಳಿನಲ್ಲಿ ಅದು ಸುಮಾರು 6ರಿಂದ 7.5. ತೀವ್ರ ಆಮ್ಲದಲ್ಲಿ ಕರಗದೆ, ಆಮ್ಲತೆ ತಗ್ಗಿದೆಡೆ ಮಾತ್ರ ಕರಗುವ ವಸ್ತುವನ್ನು ಲೇಪಿಸಿದರೆ, ಮಾತ್ರೆಯು ಜಠರವನ್ನು ದಾಟಿ ಕರುಳಿನಲ್ಲಿ ಬಿಚ್ಚಿಕೊಳ್ಳುತ್ತದೆ. 1884ರಲ್ಲಿ ಜರ್ಮನಿಯ ವೈದ್ಯ ಉನ್ನಾ ಇದಕ್ಕಾಗಿ ಕೆರಾಟಿನ್ ಲೇಪವನ್ನು ಬಳಸಿದನು. ಅನಂತರ ಅರಗು ಬಂದಿತು. ಇಂದು ಮೆಥಾಕ್ರಿಲಿಕ್ ಆಮ್ಲದ ಪಾಲಿಮರ್‌ಗಳು ಹೆಚ್ಚಾಗಿ ಬಳಕೆಯಲ್ಲಿವೆ. ಆಮ್ಲದಲ್ಲಿ ಹಾಳಾಗುವ ಪ್ಯಾಂಟೊಪ್ರಜೋಲ್‌ಗೆ ಇಂತಹ ಕವಚ ಅನಿವಾರ್ಯ. ಮಲಬದ್ಧತೆಗೆ ಕೊಡುವ ಬಿಸಾಕೊಡಿಲ್ ಮಾತ್ರೆಗೂ ಇದೇ ಕವಚವಿದೆ. ಅದನ್ನು ಹಾಲಿನೊಡನೆ ಅಥವಾ ಆಮ್ಲಶಾಮಕದೊಡನೆ ಸೇವಿಸಿದರೆ ಜಠರದ ಆಮ್ಲತೆ ತಗ್ಗಿ, ಲೇಪವು ಅಲ್ಲಿಯೇ ಕರಗಿ, ಹೊಟ್ಟೆ ನುಲಿಯಬಹುದು.

ಎರಡನೆಯ ಬಗೆಯ ಲೇಪ ಕರಗುವುದೇ ಇಲ್ಲ. ಅದರ ಮೂಲಕ ನೀರು ಒಳಸೇರುತ್ತದೆ. ಒಳಗಿನ ಒತ್ತಡ ಹೆಚ್ಚಿದಂತೆ, ಲೇಸರ್‌ನಿಂದ ಕೊರೆದ ಸೂಕ್ಷ್ಮ ರಂಧ್ರದಿಂದ ಔಷಧವು ಗಂಟೆಗಟ್ಟಲೆ ಒಂದೇ ಸಮನೆ ಹೊರಬರುತ್ತದೆ. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್‌ನ ಇಂತಹ ಮಾತ್ರೆಗಳ ಬರಿದಾದ ಕವಚವು ಮಲದಲ್ಲಿ ಕಾಣಿಸಿಕೊಳ್ಳಬಹುದು. ಅದರಿಂದ ಗಾಬರಿಯಾಗಬೇಕಿಲ್ಲ, ಔಷಧವು ದೇಹಕ್ಕೆ ಸೇರಿಯೇ ಇರುತ್ತದೆ.

ಮೂರನೆಯದು ವಿಳಂಬದ ಲೇಪ. ರಕ್ತದೊತ್ತಡವು ಬೆಳಗಿನ ಜಾವದಿಂದ ಏರತೊಡಗುವುದನ್ನು ಗಮನಿಸಿ, ಮಲಗುವಾಗ ಸೇವಿಸಿದ ನಾಲ್ಕೈದು ಗಂಟೆಗಳ ಬಳಿಕವೇ ಔಷಧವನ್ನು ಬಿಡತೊಡಗುವ ವೆರಪಮಿಲ್ ಮಾತ್ರೆಯನ್ನು ರೂಪಿಸಲಾಯಿತು.

ಇಷ್ಟೆಲ್ಲ ಯೋಜನೆ ಮನೆಯ ಕುಟ್ಟಾಣಿಯ ಒಂದೇ ಪೆಟ್ಟಿಗೆ ವ್ಯರ್ಥವಾಗಬಲ್ಲುದು. ನುಂಗಲಾರದ ವೃದ್ಧರಿಗೆ ಮಾತ್ರೆಯನ್ನು ಪುಡಿಮಾಡಿ ಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ದೀರ್ಘಕಾಲ ಕೆಲಸಮಾಡುವ ಮಾತ್ರೆಯನ್ನು ಹೀಗೆ ಪುಡಿಮಾಡಿದರೆ, ಇಡೀ ದಿನಕ್ಕೆಂದು ಅಡಕಗೊಳಿಸಿದ ಔಷಧವು ಒಮ್ಮೆಲೇ ರಕ್ತಕ್ಕೆ ನುಗ್ಗಬಹುದು. ಆಗ ರಕ್ತದೊತ್ತಡ ಕುಸಿದು ರೋಗಿಯು ಬಿದ್ದುಬಿಡಬಹುದು. ಕೆಲವು ಔಷಧಗಳಲ್ಲಿ ಪ್ರಾಣಾಪಾಯವೂ ಉಂಟು.

ಆದುದರಿಂದ ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್, ಸಿಆರ್ ಮುಂತಾದ ಅಕ್ಷರಗಳಿದ್ದರೆ ಮಾತ್ರೆಯನ್ನು ಅಗಿಯಬಾರದು, ಪುಡಿಮಾಡಬಾರದು. ನಡುವೆ ಗೆರೆಯಿರುವ ಕೆಲವನ್ನು ಅರ್ಧಮಾಡಬಹುದಾದರೂ ಮೊದಲು ವೈದ್ಯರನ್ನು ಕೇಳುವುದು ಲೇಸು. ನುಂಗಲು ಕಷ್ಟವೆಂದು ಮುಂಚೆಯೇ ತಿಳಿಸಿದರೆ, ಅವರು ದ್ರವರೂಪದ ಔಷಧವನ್ನೋ ಬೇರೆ ಮಾತ್ರೆಯನ್ನೋ ಸೂಚಿಸಬಲ್ಲರು.