ಇಲ್ಲದ್ದು ಕಂಡರೆ ಮೊದಲು ಮೈ ನೋಡಿ

ಮನೆಯವರೊಬ್ಬರು ಇದ್ದಕ್ಕಿದ್ದಂತೆ ಇಲ್ಲದ್ದನ್ನು ಕಂಡು ಬೆದರಿದರೆ, ಊಟಕ್ಕೆ ವಿಷ ಹಾಕಿದ್ದೀರೆಂದು ಕೂಗಿದರೆ, ‘ಗಾಳಿ ಸೋಕಿತು’, ‘ಹುಚ್ಚು ಹಿಡಿಯಿತು’ ಎಂದುಬಿಡುತ್ತೇವೆ. ಅನೇಕ ವೇಳೆ ಕೆಟ್ಟಿರುವುದು ಮೈ.

ಶೆಟ್ಟಿಹಳ್ಳಿಯಂಥ ಊರುಗಳ ತಿಪ್ಪೆಯ ಬಳಿ ಬೆಳೆಯುವ ಉಮ್ಮತ್ತಿಯನ್ನೇ ನೋಡಿ. (ಕಳೆಗಳ ವಿಷಯ ನನಗೆ ಸ್ವಲ್ಪ ಗೊತ್ತು.) ಅದರ ಎಲೆ ಬೆರಕೆಸೊಪ್ಪಿನಲ್ಲಿ ಸೇರಿದರೆ, ಇಲ್ಲವೇ ಮಕ್ಕಳು ಬೀಜ ತಿಂದರೆ, ಬಾಯಿ ಒಣಗುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಬರಿಗಾಳಿಯಲ್ಲಿ ಏನನ್ನೋ ಹಿಡಿಯಲು ಕೈಯಾಡಿಸುತ್ತಾರೆ. ಇದು ಭೂತವಲ್ಲ, ವಿಷ. ಗಿಡದ ಚೂರನ್ನೂ ಆಸ್ಪತ್ರೆಗೆ ಒಯ್ಯಿರಿ.

ನಿತ್ಯ ಕುಡಿಯುವವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈ ನಡುಗಿ, ಬೆವರಿ, ಗೋಡೆಯ ಮೇಲೆ ಹುಳು ಹರಿದಂತೆ ಕಾಣಬಹುದು. ‘ಬಿಟ್ಟದ್ದು ಒಳ್ಳೆಯದೇ’ ಎಂದು ಸುಮ್ಮನಿರಬೇಡಿ, ಪ್ರಾಣಕ್ಕೇ ಅಪಾಯ.

ಮಿದುಳು ಜ್ವರ, ಮೂರ್ಛೆರೋಗ, ರಕ್ತದ ಸಕ್ಕರೆ ಇಳಿಯುವುದು, ವಯಸ್ಸಾದವರಲ್ಲಿ ಮೂತ್ರದ ಸೋಂಕು, ಬಾಣಂತಿಯರ ಮನೋರೋಗ, ಬಹುದಿನದ ನಿದ್ದೆಗೇಡು, ಇವುಗಳಿಂದಲೂ ಹೀಗಾಗುತ್ತದೆ. ಹತ್ತಿರದವರು ತೀರಿಕೊಂಡಾಗ ಅವರ ದನಿ ಕೇಳಿಸಿದಂತಾಗುವುದುಂಟು, ಅದೊಂದಕ್ಕೇ ಹೆದರಬೇಕಾಗಿಲ್ಲ.

ಉಳಿದಂತೆ, ಕೂಡಿಹಾಕಬೇಡಿ, ಬೇವಿನ ಸೊಪ್ಪಿನಿಂದ ಹೊಡೆಸಬೇಡಿ. 108 ವಾಹನ ಕರೆದು ಅಂದೇ ಆಸ್ಪತ್ರೆಗೆ ಸೇರಿಸಿ. ಏನು ತಿಂದರು, ಹೊಲಕ್ಕೆ ಯಾವ ಔಷಧಿ ಸಿಂಪಡಿಸಿದರು, ಕುಡಿತ ಎಂದು ಬಿಟ್ಟರು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.