ಮಂಗಳೂರಿನಲ್ಲಿ ನಾನು ನೋಡಿದ ಗುಡಿ, ಚರ್ಚು, ಮಸೀದಿ

ಬೇಸಿಗೆ ರಜೆಯಲ್ಲಿ ನಾನು ಮಂಗಳೂರಿಗೆ ಹೋಗಿದ್ದೆ. ಅದನ್ನು ಬರೆದುಕೊಟ್ಟಾಗ ಮೇಷ್ಟ್ರು ಓದಿ, "ಚಾರ್ಮಾಡಿ ಘಾಟಿಯಲ್ಲಿ ವಾಂತಿ ಆಗಿದ್ದೆಲ್ಲಾ ಇದೆ, ನೋಡಿದ ಜಾಗದ ವಿಷಯ ಎಲ್ಲಿದೆ? ಪಾಠದ ಥರ ಬರಿ" ಅಂದರು. ಅದಕ್ಕೆ ಇದು ಎರಡನೇ ಸಲ ಬರೆದದ್ದು.

ನಮ್ಮ ಸೋದರಮಾವ ಮಂಗಳೂರಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ವಾರದ ರಜೆಯ ದಿನ ನನ್ನನ್ನು ಊರು ತೋರಿಸಲು ಕರೆದುಕೊಂಡು ಹೋದರು. ಅವರ ಪಕ್ಕದ ಮನೆಯ ನಿವೃತ್ತ ಮಾಸ್ಟ್ರು ಒಬ್ಬರು ತಾವಾಗೇ ಜೊತೆಗೆ ಬಂದರು. ಈ ಲೇಖನದಲ್ಲಿ ಇರುವ ಇಸವಿಗಳೆಲ್ಲ ಅವರು ಹೇಳಿ ಬರೆಸಿದ್ದು.

ಮೊದಲು ಕದ್ರಿಗೆ ಹೋದೆವು. ಗುಡ್ಡದ ಬುಡದಲ್ಲಿ ಮಂಜುನಾಥ ಸ್ವಾಮಿ ದೇವಸ್ಥಾನ, ಹಿಂದೆ ಗೋಮುಖದಿಂದ ನೀರು ಸುರಿಯುತ್ತದೆ. ಆ ಸೆಕೆಯಲ್ಲೂ ನೀರು ತಣ್ಣಗಿತ್ತು. ಅಲ್ಲಿ ಲೋಕೇಶ್ವರ ಎಂಬ ಕಂಚಿನ ಮೂರ್ತಿ ಇದೆ. ಮೂರು ಮುಖ, ಆರು ಕೈ. ಕೂತಿರುವ ಮೂರ್ತಿಯೇ ನನ್ನಷ್ಟು ಎತ್ತರ ಇರಬಹುದು. ಆಳುಪ ರಾಜನಾದ ಕುಂದವರ್ಮನು ಇದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಪೀಠದ ಮೇಲೆ ಬರೆದಿದೆ. ಕಾಲ ಕ್ರಿ.ಶ. 968. ವಿಹಾರ ಅಂದರೆ ಬೌದ್ಧ ಭಿಕ್ಷುಗಳು ಇರುವ ಜಾಗ. ಈಗ ಅದೇ ಜಾಗದಲ್ಲಿ ಶಿವನ ಪೂಜೆ ನಡೆಯುತ್ತದೆ, ಗುಡ್ಡದ ಮೇಲೆ ನಾಥಪಂಥದ ಜೋಗಿಗಳ ಮಠ ಇದೆ.

ಆಗ ನನಗೆ ನಮ್ಮೂರೇ ನೆನಪಾಯಿತು. ನಮ್ಮ ನುಂಕೆಮಲೆ ಬೆಟ್ಟದ ಭೈರವನ ಗುಡಿಯಲ್ಲೂ ನಾಥಪಂಥದ ಜೋಗಿಗಳೇ ಅಲ್ಲವೇ? ಬೌದ್ಧ ಧರ್ಮವನ್ನು ನಂಬಿದ ಅಶೋಕ ಚಕ್ರವರ್ತಿಯ ಶಾಸನ ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಇವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ಹೇಳಬೇಕು, ಗುರುವನ್ನು ಗೌರವಿಸಬೇಕು ಎಂದು ಬ್ರಹ್ಮಗಿರಿಯ ಬಂಡೆಯಲ್ಲಿದೆ. ನಾನು ಇದನ್ನು ಹೇಳಿದ್ದಕ್ಕೆ ಮಾಸ್ಟ್ರು, "ಹೌದಾ ಮಾರಾಯ, ನೀನು ಅಶೋಕನ ಊರಿನವನಾ!" ಅಂದರು. ನನಗೆ ಖುಷಿಯಾಯಿತು. ಆದರೆ ನಾನು ಸಿದ್ದಾಪುರದ ಬಂಡೆಯನ್ನು ಇನ್ನೂ ನೋಡಿಲ್ಲ ಅಂತ ಅವರಿಗೆ ಹೇಳಲಿಲ್ಲ.

ಆಮೇಲೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ಒಳಗೆ ಗೋಡೆ, ಕಮಾನು, ಚಾವಣಿ ಎಲ್ಲಾ ಕಡೆ ಚಿತ್ರ. ಎಲ್ಲೂ ಖಾಲಿ ಬಿಟ್ಟಿಲ್ಲ. ಇವನ್ನು ಬರೆದವರು ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಯೇಸು ಸಭೆಯ ಸೋದರ. 1899ರಲ್ಲಿ ಶುರು ಮಾಡಿ ಎರಡು ವರ್ಷದ ಆಸುಪಾಸಿನಲ್ಲಿ ಮುಗಿಸಿದರು. ಚಾವಣಿಯದು ಬಟ್ಟೆಯ ಮೇಲೆ ಎಣ್ಣೆ ಬಣ್ಣ. ಗೋಡೆಯದು ಮಾತ್ರ ಬೇರೆ ರೀತಿ. ಗೋಡೆಗೆ ಸುಣ್ಣದ ಗಾರೆ ಬಳಿದು ಅದು ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣದಿಂದ ಬರೆಯಬೇಕು. ಗಾರೆ ಒಣಗುತ್ತಾ ಬಣ್ಣವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ತಿದ್ದಲು ಆಗುವುದಿಲ್ಲ, ತಪ್ಪಾದರೆ ಗಾರೆ ಕಿತ್ತು ಮತ್ತೆ ಬಳಿಯಬೇಕು. ಅದಕ್ಕೆ ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತೋ ಅಷ್ಟಕ್ಕೆ ಮಾತ್ರ ಗಾರೆ ಬಳಿಯುತ್ತಾರೆ. ಈ ಪತ್ರಿಕೆಯಲ್ಲಿ ನಾನು ಎಷ್ಟು ಕಡೆ ಗೀಚಿ ತಿದ್ದಿದ್ದೇನೆ ನೋಡಿ! ಮೊಸ್ಕೇನಿಯವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ತಮ್ಮ ಊರಿಗೆ ವಾಪಸ್ ಹೋಗಲಿಲ್ಲ.

ಒಂದೇ ಊರಿನಲ್ಲಿ ಇಷ್ಟೊಂದು ಧರ್ಮದವರು ಹೇಗೆ ಸೇರಿದರು? ಮಾಸ್ಟ್ರು ಹೇಳಿದ್ದು ಇದು. ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುವ ಕಡೆ ಹಳೇ ಬಂದರು ಇದೆ. (ಪಣಂಬೂರಿನ ದೊಡ್ಡ ಬಂದರು 1974ರದ್ದು.) ಹಿಂದೆ ಹಡಗುಗಳಿಗೆ ಎಂಜಿನ್ ಇರಲಿಲ್ಲ, ಗಾಳಿಯೇ ಎಂಜಿನ್. ಮುಂಗಾರಿನ ಗಾಳಿ ಅರಬರ ಕಡೆಯಿಂದ ನಮ್ಮ ಕಡೆಗೆ ತಳ್ಳುತ್ತದೆ, ವಾಪಸ್ ಹೋಗಲು ಗಾಳಿ ತಿರುಗುವ ತನಕ ತಿಂಗಳುಗಟ್ಟಲೆ ಕಾಯಬೇಕು. ಕಾಯುವವರಿಗೆ ಮನೆ ಬೇಕು, ಊಟ ಬೇಕು, ಪ್ರಾರ್ಥನೆಗೆ ಜಾಗ ಬೇಕು. ಹಾಗೆ ಉಳಿದವರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯೂ ಒಬ್ಬ. 1132ರಿಂದ ಸುಮಾರು 17 ವರ್ಷ ಈ ಕರಾವಳಿಯಲ್ಲಿದ್ದ, ಕಂಚಿನ ಸಾಮಾನು ಮಾಡಿಸುತ್ತಿದ್ದ. ಬರೆಯುವ ಕಾಗದವನ್ನು ಏಡನ್‌ನಿಂದ ಸ್ನೇಹಿತರು ಕಳಿಸಬೇಕಿತ್ತಂತೆ. ಅವನ ಪತ್ರಗಳು ಈಜಿಪ್ಟಿನ ಕೈರೋದಲ್ಲಿ ಸಿಕ್ಕಿವೆ.

ಬಂದರಿನ ಝೀನತ್ ಬಕ್ಷ್ ಮಸೀದಿಗೆ ನಮಾಜು ಇಲ್ಲದ ಹೊತ್ತಿನಲ್ಲಿ ಹೋದೆವು. ಕಾಲು ತೊಳೆದು ಒಳಗೆ ಹೋದರೆ ಕೆತ್ತನೆ ಮಾಡಿದ ಮರದ ಕಂಬಗಳು. ಮಲಿಕ್ ದೀನಾರ್ ಜೊತೆ ಬಂದವರು ಕ್ರಿ.ಶ. 644ರಲ್ಲಿ ಕಟ್ಟಿದ್ದೆಂದು ನಂಬಿಕೆ. ಆಮೇಲೆ ಟಿಪ್ಪು ಸುಲ್ತಾನ್ ಅದನ್ನು ಚೆಂದ ಮಾಡಿಸಿ ಈ ಹೆಸರು ಇಟ್ಟನೆಂದು ಹೇಳುತ್ತಾರೆ. ಅಲ್ಲಿಂದ ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಿಗೆ ಬಂದರೆ ಅದು 1680ರದ್ದು, ಆದರೆ 1784ರಲ್ಲಿ ಟಿಪ್ಪುವಿನ ಕಾಲದಲ್ಲೇ ಅದನ್ನು ಕೆಡವಿ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಈಗಿರುವುದು ಆಮೇಲೆ ಕಟ್ಟಿದ್ದು. ಎರಡು ಜಾಗಕ್ಕೂ ನಡೆದೇ ಹೋಗುವಷ್ಟು ದೂರ. ಇದರಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಅಂತ ಮಾಸ್ಟ್ರನ್ನ ಕೇಳಿದೆ. "ಎರಡೂ ಬರಿ" ಅಂದರು. ಬರೆದಿದ್ದೇನೆ.

ಬಲ್ಮಠದ ಶಾಂತಿ ಕೆಥೆಡ್ರಲ್ಲನ್ನು ಹೊರಗಿಂದ ಮಾತ್ರ ನೋಡಿದ್ದು. ಇದು ಬಾಸೆಲ್ ಮಿಷನ್‌ನವರು ಕಟ್ಟಿದ್ದು. ಅವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಒಬ್ಬರಾದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದರು. ಆಗ ಅಚ್ಚಿನ ಮೊಳೆ ಇಲ್ಲದೆ ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಅಚ್ಚು ಹಾಕುತ್ತಿದ್ದರು. ಅಂದರೆ ಅದೂ ನಮ್ಮ ಪತ್ರಿಕೆಯ ಜಾತಿಯದೇ! ಮರುವರ್ಷ ಅದು ನಮ್ಮ ಪಕ್ಕದ ಬಳ್ಳಾರಿಗೆ ಹೋಗಿ ಮೊಳೆ ಅಚ್ಚಿನಲ್ಲಿ ಬಂತು. ಇವರು ನೇಯ್ಗೆ ಕಾರ್ಖಾನೆಯನ್ನೂ ನಡೆಸುತ್ತಿದ್ದರು. ಖಾಕಿ ಬಣ್ಣವನ್ನು ಅಲ್ಲೇ ಹಾಲರ್ ಎಂಬುವರು ಕಂಡುಹಿಡಿದರೆಂದು ಹೇಳುತ್ತಾರೆ. ಮಾವ ತನ್ನ ಯೂನಿಫಾರಂ ನೆನೆಸಿಕೊಂಡು, "ಹಂಗಾದ್ರೆ ನನ್ನ ಬಟ್ಟೆ ಹುಟ್ಟಿದ ಊರಿಗೇ ನಾನು ಬಂದೀನಿ ಬಿಡು" ಅಂದರು.

ಸಾಯಂಕಾಲ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ. ಹೆಂಡ ಇಳಿಸುವ ಬಿಲ್ಲವರನ್ನು ಹಿಂದೆ ದೇವಸ್ಥಾನಗಳ ಒಳಗೆ ಬಿಡುತ್ತಿರಲಿಲ್ಲ. ಹೊರಗೆ ನಿಂತೇ ಕೈ ಮುಗಿಯಬೇಕಿತ್ತು. ಅವರು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು. ಗುರುಗಳೇ 1912ರಲ್ಲಿ ಇಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿದರು. ನಮ್ಮ ಕಡೆ ಒಂದು ಹಳ್ಳಿಯಲ್ಲಿ ನನ್ನ ಗೆಳೆಯ ಗುಡಿಯ ಕಟ್ಟೆಯ ಕೆಳಗೇ ನಿಂತು, "ನೀನು ಹೋಗಿ ಬಾ, ನಾನು ಚಪ್ಪಲಿ ನೋಡ್ಕೋತೀನಿ" ಅಂದಿದ್ದ. ಆಗ ನನಗೆ ಅರ್ಥವಾಗಿರಲಿಲ್ಲ. ಕುದ್ರೋಳಿಯಲ್ಲಿ ಚಪ್ಪಲಿ ಬಿಡುವಾಗ ಅರ್ಥವಾಯಿತು.

ಇದೇ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು ಎಂದು ಮಾಸ್ಟ್ರು ಹೇಳಿದರು. ಅವರು ಗರ್ಭಗುಡಿಗೆ ಹೋಗಿ ಆರತಿ ಎತ್ತಿದರಂತೆ.

ಊರಿಗೆ ಬಂದ ಮೇಲೆ ನಮ್ಮ ಅಜ್ಜಿಗೆ ಎಲ್ಲಾ ಹೇಳಿದೆ. ಅಜ್ಜಿ ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತುತ್ತಿದ್ದಳು. ನಮ್ಮ ಮನೆಯಲ್ಲಿ ನೇಯುವುದು ಮದುವೆ ರೇಷ್ಮೆ ಸೀರೆ. ತಾತ ತೀರಿಕೊಂಡ ಮೇಲೆ ಗೌರಿ ಹಬ್ಬದ ದಿನ ಅಜ್ಜಿ ಪೂಜೆ ಕಡೆ ಬರದೆ ಮಗ್ಗದ ಮನೆಯಲ್ಲೇ ಇರುತ್ತಾಳೆ. ಮೂರ್ತಿ, ಚಿತ್ರ, ಹಡಗು ಎಲ್ಲಾ ಹೇಳುವಾಗ ಅಜ್ಜಿ ಹೂಂ ಹೂಂ ಅನ್ನುತ್ತಾ ರಾಟೆ ತಿರುಗಿಸುತ್ತಲೇ ಇದ್ದಳು. ಇಬ್ಬರು ಅರ್ಚಕರ ವಿಷಯ ಹೇಳಿದಾಗ ರಾಟೆ ನಿಂತಿತು.

"ಖರೇನಾ?" ಅಂದಳು.

"ಹೂಂ ಅಜ್ಜಿ, ಮಾಸ್ಟ್ರು ಹೇಳಿದ್ರು."

ಸ್ವಲ್ಪ ಹೊತ್ತು ನೂಲನ್ನೇ ನೋಡುತ್ತಿದ್ದು, "ಆರತಿ ಎತ್ತುವಾಗ ಯಾವ ಬಣ್ಣದ ಸೀರೆ ಉಟ್ಟಿದ್ರಂತೆ?" ಎಂದು ಕೇಳಿದಳು.

ನಾನು ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಮಾವನಿಗೆ ಫೋನ್ ಮಾಡಿ ಮಾಸ್ಟ್ರನ್ನು ಕೇಳಲು ಹೇಳಿದ್ದೇನೆ.