ಮೈತ್ರಿಯಿಂದ ಮಹಾಯುದ್ಧಕ್ಕೆ
1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನು ಹತನಾದನು. ಈ ಬಾಲ್ಕನ್ ಜಗಳವು ಐದಾರು ವಾರಗಳಲ್ಲಿ ಮಹಾಯುದ್ಧವಾದುದೇಕೆ? ಆಸ್ಟ್ರಿಯಕ್ಕೆ ಜರ್ಮನಿಯ ಬೆಂಬಲ, ಸರ್ಬಿಯಕ್ಕೆ ರಷ್ಯದ ಆಸರೆ, ರಷ್ಯಕ್ಕೆ 1894ರಿಂದ ಫ್ರಾನ್ಸಿನ ಮೈತ್ರಿ. ಆದರೆ ಕೌಲುಗಳಿಗಿಂತ ಹೆಚ್ಚು ಕೇಡು ಮಾಡಿದುದು ಸೈನ್ಯ ಜಮಾಯಿಸುವ ಆತುರವೆಂದು ನನಗೆ ತೋರುತ್ತದೆ. ರಷ್ಯದ ದಂಡು ಕೂಡುವ ಮೊದಲೇ ಬೆಲ್ಜಿಯಮಿನ ಮೂಲಕ ನುಗ್ಗಿ ಫ್ರಾನ್ಸನ್ನು ಸೋಲಿಸಬೇಕೆಂಬುದು ಜರ್ಮನಿಯ ಯೋಜನೆ. ಜುಲೈ 30ರಂದು ರಷ್ಯವು ಸೈನ್ಯ ಜಮಾವಣೆಗೆ ಅಪ್ಪಣೆ ಕೊಟ್ಟಿತು. ಇನ್ನು ಜರ್ಮನಿಗೆ ತಡಮಾಡಲು ಎಡೆಯಿಲ್ಲ. ಆಗಸ್ಟ್ 1ರಂದು, ಸೇನೆಯನ್ನು ಪೂರ್ವಕ್ಕೇ ಕಳುಹಿಸಬಾರದೇಕೆಂದು ಕೈಸರನು ಕೇಳಿದಾಗ, ಸೇನಾಧಿಪತಿ ಮೋಲ್ಟ್ಕೆಯು ಆಗದೆಂದನು. ರೈಲುಗಳ ಏರ್ಪಾಡೆಲ್ಲ ಮೊದಲೇ ಗೊತ್ತಾಗಿತ್ತಂತೆ! ಬೆಲ್ಜಿಯಮಿನ ಮೇಲೆ ದಾಳಿಯಾಗಲು 4ರಂದು ಬ್ರಿಟನ್ನೂ, ಅದರ ಹಿಂದೆ, ಭಾರತೀಯರನ್ನು ಕೇಳದೆಯೇ, ಭಾರತವೂ ಯುದ್ಧಕ್ಕಿಳಿದವು. ಮೈಸೂರು ಸಂಸ್ಥಾನದ ರಾವುತರು 1918ರಲ್ಲಿ ಹೈಫಾದಲ್ಲಿ ಕಾದಿದರು. ಸರಾಯೆವೊ ಎಲ್ಲಿದೆಯೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ!